ಅಕ್ಕನ ದನಿಯ ಬ್ಯಾಕಪ್

ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಿದ್ದ ಅವನಿಗೆ ಬೀದಿಯವರು ಇಟ್ಟ ಹೆಸರು 'ಎಲ್ಲಾ ಗೊತ್ತು'. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ; ಇವನದು ಅರ್ಧ ಕೊಡ, ಬೀದಿ ತುಂಬ ತುಳುಕುತ್ತಿತ್ತು. ಫೋನಿನ ವಿಷಯ ಬಂದರಂತೂ ಹಿಡಿಯುವವರೇ ಇಲ್ಲ. "ಎಲ್ಲಾ ಯಾವ್ದೋ ಕಂಪನಿ ಕ್ಲೌಡಲ್ಲಿ ಇಡ್ತೀರಲ್ಲ, ನಮ್ಮ ಒಡವೆ ಕಂಡೋರ ಬೀರೂನಲ್ಲಿ ಇಟ್ಟಂಗೆ!" ಎಂದು ಸ್ಕ್ರೂಡ್ರೈವರ್ ಆಡಿಸುತ್ತ ಉಪದೇಶ ಮಾಡುತ್ತಿದ್ದ.

ಅವನ ಅಕ್ಕ ಶಿಶುವಿಹಾರದ ಟೀಚರಾಗಿದ್ದವಳು. ಗಂಟಲಿನ ಆಪರೇಷನ್ ಆದರೆ ಮಾತು ಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ, ಮುಂಚೆಯೇ ಒಂದು ಆಪ್‌ನಲ್ಲಿ ತನ್ನದೇ ದನಿಯಲ್ಲಿ ಮಾತು ತುಂಬಿಟ್ಟಳು. 'ಬಂದೆ, ಇರ್ರೀ.' 'ಬಾಗಿಲು ಹಾಕ್ಕೋ.' 'ಏನೋ ಕೋತಿ, ಈಗ ನೆನಪಾದ್ಳಾ ಅಕ್ಕ?' ಕೊನೆಯದು ತಮ್ಮನಿಗೇ ಮೀಸಲು. ಆಪರೇಷನ್ ಆದಮೇಲೆ ಬಟನ್ ಒತ್ತಿ ಒತ್ತಿಯೇ ಮನೆಯನ್ನು ಆಳುತ್ತಿದ್ದಳು.

ಫೋನು ಪದೇ ಪದೇ ನಿಂತುಹೋಗತೊಡಗಿತು. "ಒಂದ್ಸಲ ಕ್ಲೌಡಿಗೆ ಹಾಕ್ಸಿಬಿಡೋಣ" ಎಂದರು ಭಾವ. ಇವನ ಮುಖಕ್ಕೆ ಹೊಡೆದಂತಾಯಿತು.

"ನಾನಿದ್ದೀನಲ್ಲ ಭಾವ! ನನ್ನ ಹಾರ್ಡ್ ಡಿಸ್ಕಿಗೆ ಇಳಿಸ್ಕೊಂಡು, ಫೋನ್ ಪೂರ್ತಿ ಖಾಲಿ ಮಾಡಿ, ಮತ್ತೆ ತುಂಬಿ ಕೊಡ್ತೀನಿ."

ಅಂಗಡಿಯಲ್ಲಿ ಕೂತು ಆಪ್‌ನ 'ಬ್ಯಾಕಪ್' ಒತ್ತಿದ. ಹಸಿರು ಗುರುತು ಬಂತು. ಫೋಟೋಗಳನ್ನು ವೈರು ಹಾಕಿ ಡಿಸ್ಕಿಗೆ ಎಳೆದುಕೊಂಡ, ಫೋನನ್ನು ರೀಸೆಟ್ ಮಾಡಿದ. ಆಪ್ ಮಾಡಿದ ಬ್ಯಾಕಪ್ ಫೈಲು ಮಾತ್ರ ಅದೇ ಫೋನಿನ ಹೊಟ್ಟೆಯಲ್ಲೇ ಕೂತಿತ್ತು; ರೀಸೆಟ್‌ನಲ್ಲಿ ಅದೂ ಅಳಿಸಿಹೋಯಿತು. ಡಿಸ್ಕಿಗೆ ಬಂತೋ ಇಲ್ಲವೋ ಎಂದು ತೆರೆದು ನೋಡಲು ಅವನಿಗೆ ಪುರುಸೊತ್ತೆಲ್ಲಿ? ಗಿರಾಕಿಯೊಬ್ಬರಿಗೆ ಆಗಲೇ ಬೀರೂವಿನ ಕಥೆ ಶುರುವಾಗಿತ್ತು.

ಆಪ್ ಮತ್ತೆ ಹಾಕಿದಾಗ ಒಳಗೆ ಏನೂ ಇರಲಿಲ್ಲ. ಡಿಸ್ಕನ್ನೆಲ್ಲ ಜಾಲಾಡಿದ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಫೋನೇ ಕೆಟ್ಟಿತ್ತು ಎಂದು ಹೇಳಿಬಿಟ್ಟರೆ ಯಾರಿಗೆ ತಿಳಿಯುತ್ತದೆ? ಹಾಗೆ ಯೋಚಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಅಕ್ಕನ ಅಡುಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ, ಕಣ್ಣು ಒರೆಸಿಕೊಳ್ಳುತ್ತ ನಿಂತ. "ಅಕ್ಕಾ, ನಿನ್ನ ಮಾತೆಲ್ಲ ಹೋಯ್ತು. ನಾನೇ ಅಳಿಸ್ಬಿಟ್ಟೆ. ಫೋನಿಂದೇನೂ ತಪ್ಪಿಲ್ಲ."

ಅಕ್ಕ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ಅವನ ಕೈಯಿಂದ ಫೋನು ತೆಗೆದುಕೊಂಡು ಏನೋ ಟೈಪ್ ಮಾಡಿದಳು. ಬರೆದದ್ದನ್ನು ಓದಿಹೇಳುವ ಫೋನಿನ ದನಿ, ಯಾರೋ ಅಪರಿಚಿತ ಹೆಂಗಸಿನದು, ಒಂದೇ ಸಮನೆ ಹೇಳಿತು: "ಇರಲಿ ಬಿಡು ತಮ್ಮ. ಅಳಬೇಡ."

ಆ ದನಿ ಕೇಳಿ ಅಕ್ಕನೇ ಬೆಚ್ಚಿಬಿದ್ದಳು.