ಅತ್ತಿಗೆ ಬಿಡುತ್ತಿದ್ದ ಗಿಡ್ಡ ಗೆರೆ

ಅತ್ತಿಗೆಯ ಕೆಳತುಟಿಯ ಮೇಲೆ ಸದಾ ಒಂದು ಕಪ್ಪು ಚುಕ್ಕೆ ಇರುತ್ತಿತ್ತು. ಹೊಸಬರು ಅದನ್ನು ಮಚ್ಚೆ ಎಂದುಕೊಳ್ಳುತ್ತಿದ್ದರು. ನಮ್ಮ ಚಾಳಿಗೆ ಬಾಡಿಗೆಗೆ ಬಂದ ಹೆಂಗಸೊಬ್ಬಳು, ತುಟಿಯ ಎಡಕ್ಕೆ ಮಚ್ಚೆ ಇದ್ದವರ ಮನೆಯಲ್ಲಿ ಲಕ್ಷ್ಮಿ ಕಾಲು ಚಾಚಿ ಕೂರುತ್ತಾಳೆ ಎಂದು ಹೊಗಳಿದಳು. ಮರುದಿನ ಮಚ್ಚೆ ಬಲಕ್ಕೆ ಬಂದಿತ್ತು. ಅದು ಕೈಗಡಿಯಾರದ ಡಯಲಿಗೆ ಹಚ್ಚುವ ಬಣ್ಣ. ಕುಂಚದ ತುದಿಯನ್ನು ತುಟಿಗಳ ನಡುವೆ ಎಳೆದು ಚೂಪು ಮಾಡಿಕೊಳ್ಳುವುದು ಅತ್ತಿಗೆಯ ಅಭ್ಯಾಸ. ಹೊಟ್ಟೆಗೆ ವಿಷ ಹೋಗುತ್ತದೆ ಎಂದು ಡಾಕ್ಟರು ಹೆದರಿಸಿದರೆ, “ಇಷ್ಟು ವರ್ಷ ತಿಂದದ್ದಕ್ಕೆ ಒಳಗೆ ಒಂದು ಡಯಲೇ ಆಗಿರಬೇಕು ಡಾಕ್ಟ್ರೇ, ಟೈಮ್ ಎಷ್ಟಾಯ್ತು ನೋಡಿ ಹೇಳಿ” ಎನ್ನುತ್ತಿದ್ದರು.

ನನ್ನ ಅಣ್ಣ ಮುಂಬಯಿಯ ಬೈಕುಲ್ಲಾದಲ್ಲಿ, ನಾವಿದ್ದ ಚಾಳಿನ ಮೆಟ್ಟಿಲ ಕೆಳಗೆ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ವಾಚು ರಿಪೇರಿ ಮಾಡುತ್ತಿದ್ದ. ಅತ್ತಿಗೆ ಉಡುಪಿ ಕಡೆಯಿಂದ ಮದುವೆಯಾಗಿ ಬಂದವರು, ಪಕ್ಕದ ಗಲ್ಲಿಯ ಒಬ್ಬ ಮುದುಕ ಉಸ್ತಾದರ ಹತ್ತಿರ ಡಯಲಿಗೆ ಬಣ್ಣ ಹಾಕುವುದನ್ನು ಕಲಿತರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಊರಿನಿಂದ ಬಂದು ಪರೇಲಿನ ಹೋಟೆಲೊಂದರ ಗಲ್ಲಾ ಪೆಟ್ಟಿಗೆಯ ಮುಂದೆ ಕೂತವನು. ಅಣ್ಣ ತೀರಿಕೊಂಡ ಮೇಲೆ ಮೆಟ್ಟಿಲ ಕೆಳಗಿನ ಜಾಗಕ್ಕೆ ನಾನು ಬಂದೆ. ರಿಪೇರಿ ನನ್ನ ಕೈಗೆ ಹತ್ತಲಿಲ್ಲ. ಹಳೆಯ ವಾಚು ಕೊಂಡು ಮಾರುವುದು ಹತ್ತಿತು. ಮಾತು ಬಲ್ಲವನಿಗೆ ಅದು ಸಾಕು.

ಮಾಸಿ ಹೋದ ಡಯಲಿನ ಬಣ್ಣವನ್ನೆಲ್ಲ ಉಜ್ಜಿ ತೆಗೆದು, ಹೊಸದಾಗಿ ಬಣ್ಣ ಕೊಟ್ಟು, ಕಂಪನಿಯ ಹೆಸರು, ಅಂಕಿ, ನಿಮಿಷದ ಗೆರೆಗಳನ್ನು ಮತ್ತೆ ಬರೆಯುವುದು ಅತ್ತಿಗೆಯ ಕೆಲಸ. ಕಿಟಕಿಯ ಹತ್ತಿರ ಕಾಲು ಮಡಚಿ ಕೂತು, ಉಸಿರು ಬಿಗಿಹಿಡಿದು ಗೆರೆ ಎಳೆಯುತ್ತಿದ್ದರು. ಆಗ ಯಾರೂ ಮಾತಾಡಿಸುವಂತಿಲ್ಲ. ಗೆರೆ ಮುಗಿದ ಮೇಲೆ ಒಮ್ಮೆ ಉಸಿರು ಬಿಟ್ಟು, ಅಷ್ಟು ಹೊತ್ತು ಹಿಡಿದಿಟ್ಟಿದ್ದ ಬೈಗುಳವನ್ನೂ ಬಿಡುತ್ತಿದ್ದರು. ಬೈಗುಳ ಹೆಚ್ಚಾಗಿ ನನಗೇ ಇರುತ್ತಿತ್ತು.

ವಾಚು ಅಸಲಿಯೋ ನಕಲಿಯೋ ಹೇಳುವುದರಲ್ಲಿ ಹಳೆಯ ವಾಚಿನ ಬಜಾರಿನಲ್ಲಿ ಅತ್ತಿಗೆಯ ಮಾತೇ ಕೊನೆಯದು. ದಾದರಿನಿಂದಲೂ ಜನ ಬರುತ್ತಿದ್ದರು. ಒಂದು ಕಂಪನಿಯ ಮಷೀನು, ಇನ್ನೊಂದರ ಕೇಸು, ಮೂರನೆಯದರ ಚಾವಿ ಸೇರಿಸಿ ಮಾಡಿದ ವಾಚನ್ನು ಅವರು “ಖಿಚಡಿ” ಎನ್ನುತ್ತಿದ್ದರು. ಪೂರಾ ನಕಲಿಯಾದರೆ ಅದನ್ನು ಬಿಚ್ಚುತ್ತಲೂ ಇರಲಿಲ್ಲ. “ಇದಕ್ಕೆ ಕೈ ತೊಳೆಯೋ ಸಾಬೂನು ದಂಡ” ಎಂದು ಹಿಂದಕ್ಕೆ ಕೊಡುತ್ತಿದ್ದರು. ನನಗೂ ಕಲಿಸಿದರು. ಮೊದಲು ಅಂಚು ನೋಡು, ಉಜ್ಜಿದ ಗಾಯ ಉಂಟಾ ಅಂತ. ಆಮೇಲೆ ಅಕ್ಷರ ನೋಡು. ವಾಚನ್ನು ಓರೆ ಮಾಡಿ ಬೆಳಕಿಗೆ ಹಿಡಿ, ಬರಹ ವಾರ್ನಿಷಿನ ಒಳಗೆ ಮಲಗಿದೆಯೋ ಮೇಲೆ ಹತ್ತಿ ಕೂತಿದೆಯೋ ನೋಡು. ನಾನು ತಲೆಯಾಡಿಸುತ್ತಿದ್ದೆ. ತಲೆಯಾಡಿಸುವುದರಲ್ಲಿ ನಾನು ಗಟ್ಟಿಗ.

ಅತ್ತಿಗೆ ಬಣ್ಣ ಹಾಕಿದ ಪ್ರತಿ ಡಯಲಿನಲ್ಲೂ ಒಂದು ಗುರುತು ಬಿಡುತ್ತಿದ್ದರು. ಆರು ಗಂಟೆಯ ಅಂಕಿ ದಾಟಿದ ಕೂಡಲೇ ಬರುವ ನಿಮಿಷದ ಗೆರೆಯನ್ನು ಉಳಿದವಕ್ಕಿಂತ ಕೂದಲೆಳೆಯಷ್ಟು ಗಿಡ್ಡ ಮಾಡುತ್ತಿದ್ದರು. ಇದು ಹೊಸ ಬಣ್ಣ ಎಂದು ಗೊತ್ತಿದ್ದವರಿಗೆ ಗೊತ್ತಾಗಲಿ ಎಂದು. ನನಗೆ ಮಾರಲು ಕೊಡುವಾಗ ಒಂದೇ ಕರಾರು: ಕೊಳ್ಳುವವರಿಗೆ ಬಣ್ಣ ಹಾಕಿದ ವಾಚೆಂದು ಬಾಯಿಬಿಟ್ಟು ಹೇಳಬೇಕು. ನಾನು ಮಧ್ಯಾಹ್ನ ಊಟಕ್ಕೆ ಕೂತಾಗಲೆಲ್ಲ ಅನ್ನ ಬಡಿಸುತ್ತ “ಹೇಳಿದಿಯಾ?” ಎಂದು ಕೇಳುತ್ತಿದ್ದರು. ಹೇಳಿದ್ದೇನೆ ಎಂದರೆ ಮಾತ್ರ ಸಾರಿನ ಸೌಟು ಏಳುತ್ತಿತ್ತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಅದು ಹುಡುಗಾಟದ ವಯಸ್ಸಿನದಲ್ಲ. ಅರವತ್ತು ದಾಟಿ, ಹಲ್ಲು ಕಟ್ಟಿಸಿಕೊಂಡ ಮೇಲೆ ಮಾಡಿದ್ದು.

ಆಗ ಹಳೆಯ ವಾಚಿನ ಹುಚ್ಚು ಹೊಸ ಹುಡುಗರಿಗೆ ಹತ್ತಿತ್ತು. ಎಲ್ಲರೂ ಫೋನಿನಲ್ಲಿ ಫೋಟೋ ದೊಡ್ಡದು ಮಾಡಿ ನೋಡುವವರು. ಕಂಪನಿಯ ಬಣ್ಣವೇ ಉಳಿದಿರುವ ಡಯಲಿಗೆ ಒಳ್ಳೆಯ ಬೆಲೆ, ಮತ್ತೆ ಬಣ್ಣ ಕಂಡದ್ದಕ್ಕೆ ಮುಖ ಸಿಂಡರಿಸುತ್ತಿದ್ದರು. ಪರೇಲಿನಲ್ಲಿ ಮನೆ ಖಾಲಿ ಮಾಡುತ್ತಿದ್ದವರೊಬ್ಬರಿಂದ ನಾನು ಕೆಲವು ವಾಚುಗಳನ್ನು ಕೊಂಡೆ. ಅದರಲ್ಲೊಂದು ಕೆನೆ ಬಣ್ಣದ ಡಯಲಿನದು. ಎಷ್ಟು ಸ್ವಚ್ಛ ಎಂದರೆ ನನಗೆ ಕೂಡಲೇ ಅನುಮಾನ ಬಂತು. ಆರರ ಪಕ್ಕ ನೋಡಿದೆ. ಗಿಡ್ಡ ಗೆರೆ ಅಲ್ಲಿತ್ತು. ಅತ್ತಿಗೆ ಯಾವುದೋ ಕಾಲದಲ್ಲಿ ಬಣ್ಣ ಹಾಕಿದ್ದು ಎಂದು ತೀರ್ಮಾನಿಸಿ ಭೂತಗನ್ನಡಿ ಕೆಳಗಿಟ್ಟೆ. ಅಂಚನ್ನೂ ನೋಡಲಿಲ್ಲ, ಅಕ್ಷರವನ್ನೂ ನೋಡಲಿಲ್ಲ.

ಆಮೇಲೆ ಸಣ್ಣ ಪೆನ್ನು ತಂದು ಆ ಗೆರೆಯನ್ನು ಉದ್ದ ಮಾಡಿದೆ. ಜೀವನದಲ್ಲಿ ನಾನು ಎಳೆದ ಒಂದೇ ಒಂದು ನೇರ ಗೆರೆ ಅದು.

ವಿಕ್ರೋಳಿಯ ಆಫೀಸೊಂದರಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಅದನ್ನು ಕೊಂಡಳು. ವಿಜಯಪುರ ಕಡೆಯವರ ಮಗಳು, ಹುಟ್ಟಿದ್ದು ಮುಂಬಯಿಯಲ್ಲಿ. ಮೊದಲ ಸಂಬಳದಿಂದ ಹಳೆಯ ವಾಚು ಕೊಳ್ಳಲು ಶುರು ಮಾಡಿದವಳು. ಅವಳು ಅನುಮಾನಿಸುತ್ತ ನಿಂತಾಗ ನಾನು ಪೆನ್ನಿನ ಗೆರೆಗಿಂತ ದೊಡ್ಡ ಸುಳ್ಳು ಹೇಳಿದೆ. ನಮ್ಮ ಅತ್ತಿಗೆ ನೋಡಿದ್ದಾರೆ, ಕಂಪನಿಯದೇ ಡಯಲ್ ಎಂದಿದ್ದಾರೆ ಎಂದೆ. ಅತ್ತಿಗೆಯ ಮಾತು ಎಂದಮೇಲೆ ಅವಳು ಮತ್ತೇನೂ ಕೇಳಲಿಲ್ಲ.

ಕೆಲವು ವಾರದ ಮೇಲೆ ಮತ್ತೆ ಬಂದಳು. ಫೋನಿನಲ್ಲಿ ಅದೇ ಮಾದರಿಯ ವಾಚುಗಳ ಚಿತ್ರ ಹುಡುಕಿ ತಂದಿದ್ದಳು. “ಅಂಕಲ್, ಎಲ್ಲಾ ಫೋಟೋದಾಗ ಈ ಲೈನ್ ಛೋಟಾ ಐತಿ. ನಂದರಾಗ ಯಾಕ ಉದ್ದ ಐತಿ?” ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ. ಕಂಪನಿಯವರೇಕೆ ಗಿಡ್ಡ ಗೆರೆ ಎಳೆಯುತ್ತಾರೆ? ಅತ್ತಿಗೆಯನ್ನೇ ಕೇಳುತ್ತೇನೆ ಎಂದಳು. ಅವರು ಊರಿಗೆ ಹೋಗಿದ್ದಾರೆ ಎಂದೆ. ಆಗಲೇ ಅತ್ತಿಗೆ ನನ್ನ ಊಟದ ಡಬ್ಬಿ ಹಿಡಿದು ಮೆಟ್ಟಿಲಿಳಿದು ಬಂದರು.

“ಯಾವ ಊರಿಗೆ ಮಾರಾಯ?” ಎಂದರು. “ನನಗೊಂದು ಟಿಕೇಟು ತೆಗೆದಿದ್ದೀಯಾ, ಇಲ್ಲಾ ನಿಂತುಕೊಂಡೇ ಹೋಗುವುದಾ?”

ಹುಡುಗಿ ವಾಚನ್ನು ಅತ್ತಿಗೆಯ ಕೈಗಿಟ್ಟು, “ಆಂಟಿ, ಇದು ನೀವ ನೋಡಿ ಒರಿಜಿನಲ್ ಅಂದಿದ್ರಂತ. ಹೌದ್ರಿ?” ಎಂದಳು.

ಅತ್ತಿಗೆ ವಾಚು ನೋಡಲಿಲ್ಲ, ನನ್ನನ್ನು ನೋಡಿದರು. ಒಂದು ಹೌದು ಎಂದಿದ್ದರೆ ನಾನು ಉಳಿಯುತ್ತಿದ್ದೆ. ಬಜಾರಿನಲ್ಲಿ ಅವರ ಮಾತಿಗೆ ಇದ್ದ ಬೆಲೆ ಅಲ್ಲಿಗೆ ಮುಗಿಯುತ್ತಿತ್ತು.

“ಈ ವಾಚನ್ನು ನಾನು ಇವತ್ತೇ ಕಾಣುವುದು,” ಎಂದರು. “ಮೇಲೆ ಬಾ ಮಗಾ. ನೋಡಿ ಹೇಳ್ತೇನೆ.”

ಮೂವರೂ ಅವರ ಖೋಲಿಗೆ ಹೋದೆವು. ಅತ್ತಿಗೆ ಕಿಟಕಿಯ ಬಳಿ ಕೂತು ವಾಚು ಬಿಚ್ಚಿ, ಅಂಚು ನೋಡಿದರು, ಅಕ್ಷರ ನೋಡಿದರು, ಓರೆ ಮಾಡಿ ಬೆಳಕಿಗೆ ಹಿಡಿದರು. ಇದ್ದಕ್ಕಿದ್ದಂತೆ ನಗತೊಡಗಿದರು. ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

“ಡಯಲ್ ಕಂಪನಿಯದ್ದೇ,” ಎಂದರು. “ಒಂದು ಗೆರೆ ಬಿಟ್ಟು. ಆ ಗೆರೆ ಈ ಮನುಷ್ಯಂದು.”

“ಅದು ನಿಮ್ಮ ಡಯಲ್ ಅಲ್ವಾ ಅತ್ತಿಗೆ?” ಎಂದುಬಿಟ್ಟೆ. “ಗಿಡ್ಡ ಗೆರೆ ಇತ್ತಲ್ಲ.” ಹೀಗೆ ನನ್ನ ಬಾಯಿಂದಲೇ ಎಲ್ಲ ಹೊರಬಿತ್ತು.

ಅತ್ತಿಗೆ ಹೇಳಿದ ಕತೆ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ, ಏಕೆಂದರೆ ಈ ಗುರುತು ಎಲ್ಲಿಂದ ಬಂತೆಂದು ಅವರನ್ನು ಎಂದೂ ಕೇಳಿರಲಿಲ್ಲ. ಕೆಲಸ ಕಲಿಯುವ ಕಾಲದಲ್ಲಿ ಉಸ್ತಾದರ ಬಳಿ ಇಂಥದೇ ಒಂದು ವಾಚು ಬಂದಿತ್ತಂತೆ. ಕಂಪನಿಯಲ್ಲಿ ಡಯಲು ಅಚ್ಚೊತ್ತುವ ತಗಡಿನ ಮೂಲೆ ಸವೆದು, ಆ ಮಾದರಿಯ ಎಲ್ಲ ಡಯಲುಗಳಲ್ಲೂ ಆರರ ಪಕ್ಕದ ಗೆರೆ ಗಿಡ್ಡವಾಗಿಯೇ ಬಿದ್ದಿತ್ತು ಎಂದು ಉಸ್ತಾದರು ತೋರಿಸಿದ್ದರು. ಅಷ್ಟು ದೊಡ್ಡ ಕಂಪನಿ ಬಿಟ್ಟ ತಪ್ಪು ಅತ್ತಿಗೆಗೆ ಬಹಳ ಹಿಡಿಸಿತು. ಅದನ್ನೇ ತಮ್ಮ ಗುರುತು ಮಾಡಿಕೊಂಡರು. ಆಮೇಲೆ ಅಂಥ ವಾಚು ಮತ್ತೆ ಕಣ್ಣಿಗೆ ಬಿದ್ದಿರಲಿಲ್ಲ. ಬಣ್ಣ ಹಾಕಿದ ಡಯಲನ್ನು ಅಸಲಿ ಮಾಡಲು ಹೋಗಿ ನಾನು ಅಸಲಿ ಡಯಲಿಗೆ ಬಣ್ಣ ಹಾಕಿದ್ದೆ. ಹುಡುಗಿಯೂ ನಕ್ಕಳು. ನಾನೂ ನಗಲು ಹೋದೆ.

“ನೀನು ನಗಬೇಡ,” ಎಂದರು ಅತ್ತಿಗೆ. “ಗೆರೆಯನ್ನು ನಾನು ತೆಗೀತೇನೆ, ಅದು ವಾರ್ನಿಷಿನ ಮೇಲೆ ಕೂತಿದೆ. ನಾನು ಹೇಳದ ಮಾತನ್ನು ನಾನು ಹೇಳಿದೆ ಅಂತ ಮಾರಿದಿಯಲ್ಲ, ಅದನ್ನು ಎಂತದ್ದರಲ್ಲಿ ಉಜ್ಜಿ ತೆಗೆಯುವುದು?”

ಅತ್ತಿಗೆ ಒಂದು ಬಿದಿರು ಕಡ್ಡಿಯನ್ನು ಚೂಪು ಮಾಡಿ, ಎಂಜಲಲ್ಲಿ ಒದ್ದೆ ಮಾಡಿ, ಮಧ್ಯಾಹ್ನವಿಡೀ ನನ್ನ ಗೆರೆಯನ್ನು ಕೆದಕಿ ತೆಗೆದರು. ಹುಡುಗಿ ಪಕ್ಕದಲ್ಲಿ ಕೂತು ನನ್ನ ಡಬ್ಬಿಯ ಊಟ ಮುಗಿಸಿ, ಮೇಲೆ ಗೋಳಿಬಜೆಯನ್ನೂ ತಿಂದಳು. ಕೊಡುವಾಗ ಅತ್ತಿಗೆ ಅವಳಿಗೆ, ಇದು ಪಕ್ಕಾ ಅಸಲಿ, ಆದರೆ ಯಾರಾದರೂ ಕೇಳಿದರೆ ನನ್ನ ಮೈದುನ ಒಮ್ಮೆ ಕೈ ಹಾಕಿದ್ದ ಎಂದೂ ಹೇಳು ಎಂದರು.

ನನಗೆ ಶಿಕ್ಷೆಯೂ ಆಯಿತು. ಇನ್ನು ಮುಂದೆ ಕೊಳ್ಳಲು ಬಂದವರಿಗೆಲ್ಲ ಮೊದಲು ಈ ಕತೆ ಹೇಳಬೇಕು, ಆಮೇಲೆ ವ್ಯಾಪಾರ. ಹೇಳಿದೆ. ಕೆಲವರು ಎದ್ದು ಹೋದರು. ಕೆಲವರು ನಕ್ಕು ಕೂತರು. ಬಜಾರಿನಲ್ಲಿ ನನಗೆ “ಲಕೀರ್‌ವಾಲಾ” ಎಂದು, ಗೆರೆ ಎಳೆದವನೆಂದು, ಹೆಸರು ಬಿತ್ತು. ಹೇಳಿ ಹೇಳಿ ನನಗೂ ರುಚಿ ಹತ್ತಿ ಒಗ್ಗರಣೆ ಹಾಕತೊಡಗಿದಾಗ ಮೆಟ್ಟಿಲ ಮೇಲಿಂದ ಅತ್ತಿಗೆಯ ದನಿ ಬರುತ್ತಿತ್ತು: “ಮೊನ್ನೆ ಹೇಳುವಾಗ ಹುಡುಗಿ ಅಳಲಿಲ್ಲ. ಇವತ್ತು ಯಾಕೆ ಅಳ್ತಾಳೆ?”

ಆದರೆ ಅಂದಿನಿಂದ ಊಟಕ್ಕೆ ಕೂತಾಗ ಅವರು “ಹೇಳಿದಿಯಾ” ಎಂದು ಕೇಳುವುದನ್ನು ಬಿಟ್ಟರು. ಯಾರಾದರೂ ಅವರ ಅಭಿಪ್ರಾಯ ಕೇಳಿದರೆ ಅದನ್ನು ನನ್ನ ಮೂಲಕ ಕಳಿಸುತ್ತಲೂ ಇರಲಿಲ್ಲ. ಮಂಡಿ ಹಿಡಿದುಕೊಂಡು ತಾವೇ ಮೆಟ್ಟಿಲಿಳಿದು ಬಂದು, ಗಿರಾಕಿಯ ಎದುರು ನಿಂತು ಹೇಳಿ ಹೋಗುತ್ತಿದ್ದರು. ಬೈಗುಳ, ತಮಾಷೆ ಎಲ್ಲ ಹಿಂದಿನಂತೆಯೇ ಇತ್ತು. ಮಾತು ಮಾತ್ರ ನನ್ನ ಕೈಗೆ ಕೊಡುತ್ತಿರಲಿಲ್ಲ. ಅವರು ಒಂದೊಂದೇ ಮೆಟ್ಟಿಲು ಇಳಿಯುವ ಸದ್ದು ಕೇಳುತ್ತ ನಾನು ಕೆಳಗೆ ತಲೆ ತಗ್ಗಿಸಿ ಕೂತಿರುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆಯಿತು.

ಹೋದ ವರ್ಷ ಅವರು ಹಾಸಿಗೆ ಹಿಡಿದರು. ಕಣ್ಣು ಆಗಲೇ ಮಂಜಾಗಿತ್ತು. ಒಂದು ಬೆಳಗ್ಗೆ ಬಜಾರಿನ ಹಳೆಯ ವ್ಯಾಪಾರಿಯೊಬ್ಬ ನೋಡಲು ಬಂದ. ಸೇಬಿನ ಜೊತೆಗೆ ಕಿಸೆಯಲ್ಲಿ ಒಂದು ವಾಚನ್ನೂ ತಂದಿದ್ದ. ಸಂಕೋಚಪಡುತ್ತಲೇ ಅದನ್ನು ಅತ್ತಿಗೆಯ ಅಂಗೈಯಲ್ಲಿಟ್ಟು, ನೀವೊಮ್ಮೆ ಅಸಲಿ ಎಂದರೆ ಸಾಕು, ನಾಳೆಯೇ ಗಿರಾಕಿ ಇದ್ದಾನೆ ಎಂದ. ಅತ್ತಿಗೆ ಅದನ್ನು ಬೆರಳಿನಿಂದ ಒಮ್ಮೆ ಸವರಿ, ತಲೆ ಹೊರಳಿಸಿ ನನ್ನತ್ತ ಚಾಚಿದರು.

“ನೀನು ನೋಡು,” ಎಂದರು.

ನಾನು ಕಿಟಕಿಗೆ ಹೋಗಿ ಅಂಚು ನೋಡಿದೆ. ಅಕ್ಷರ ನೋಡಿದೆ. ಓರೆ ಮಾಡಿ ಹಿಡಿದು ಮತ್ತೆ ಅಂಚು ನೋಡಿದೆ. ವ್ಯಾಪಾರಿ ನನ್ನ ಬಹುಕಾಲದ ಗೆಳೆಯ, ಅವನ ಮುಖದಲ್ಲಿ ಆಸೆ ಇತ್ತು. ಇದು ಬಣ್ಣ ಹಾಕಿದ ಡಯಲು, ಕೈ ಚೆನ್ನಾಗಿದೆ, ಆದರೆ ಬಣ್ಣ ಹಾಕಿದ್ದೇ ಎಂದೆ.

ಅವನಿಗೆ ಸಮಾಧಾನವಾಗಲಿಲ್ಲ. ಲಕೀರ್‌ವಾಲಾನ ಮಾತು ಯಾರಿಗೆ ಬೇಕು? ಅವನು ಅತ್ತಿಗೆಯ ಹತ್ತಿರ ಬಾಗಿ, ನೀವು ಏನು ಹೇಳುತ್ತೀರಿ ಎಂದು ಕೇಳಿದ.

ಅತ್ತಿಗೆ ಕಣ್ಣು ಮುಚ್ಚಿಕೊಂಡೇ ಇದ್ದರು. “ಅವನು ಹೇಳಿದ ಅಲ್ವಾ,” ಎಂದರು. “ಅದನ್ನೇ ನಾನು ಹೇಳಿದ್ದು ಅಂತ ತಿಳ್ಕೊಳ್ಳಿ.”

ಆ ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು. ನಾನೊಮ್ಮೆ ಕೇಳದೆ ಎತ್ತಿಕೊಂಡಿದ್ದ ಮಾತನ್ನು ಕೊನೆಗೆ ತಾವಾಗಿಯೇ ಕೊಟ್ಟು ಹೋದರು. ಈಗ ಜನ ವಾಚು ತಂದು ನನ್ನನ್ನು ಕೇಳುತ್ತಾರೆ. ಗೊತ್ತಾದರೆ ಹೇಳುತ್ತೇನೆ, ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎನ್ನುತ್ತೇನೆ. ಗೊತ್ತಾಗಲಿಲ್ಲ ಎನ್ನುವುದೇ ಹೆಚ್ಚು.