ಮಸಿ ಕಾಗದದ ಮೇಲೆ ಮೂಡಿದ ದನಿ

ಸಂಜೆ ದೀಪ ಹಚ್ಚುವ ಮುನ್ನ ಕಂದೀಲಿನ ಗಾಜಿಗೆ ಹಿಡಿದ ಮಸಿಯನ್ನು ಬೂದಿ ಹಾಕಿ ಒರೆಸುವುದು ಆದೋನಿ ಬಳಿಯ ಆಲೂರಿನ ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸವಾಗಿತ್ತು. ಅದೇ ಮಸಿಯನ್ನು ಬೇಕೆಂದೇ ಕಾಗದಕ್ಕೆ ಹಿಡಿಸಿ, ಬೆರಳು ತಾಗೀತೆಂದು ಹೆದರಿ ಹಸುಗೂಸಿನಂತೆ ಎತ್ತಿಕೊಂಡು ಓಡಾಡುವ ಜನರನ್ನು ನಾನು ಕಂಡದ್ದು ಇಂಗ್ಲೆಂಡಿನಲ್ಲಿ, ನನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ. ಎರಡನೆಯ ಮಹಾಯುದ್ಧಕ್ಕೆ ಆಗಿನ್ನೂ ಕೆಲವು ವರ್ಷಗಳಿದ್ದವು.

ಆದೋನಿಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ಅಪ್ಪ ನನ್ನನ್ನು ಮದರಾಸಿನಲ್ಲಿ ಓದಿಸಿ, ಹೆಚ್ಚಿನ ವ್ಯಾಸಂಗಕ್ಕೆಂದು ಹಡಗು ಹತ್ತಿಸಿದ್ದರು. ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ನನಗೆ ಓದಿನ ಜೊತೆಗೇ ಒಂದು ವಿಚಿತ್ರ ಉದ್ಯೋಗ ದೊರೆಯಿತು. ಕನ್ನಡ ಮಾತಾಡುವುದು! ನಮ್ಮ ಸೀಮೆಗೆ ಅಧಿಕಾರಿಗಳಾಗಿ ಬರಲಿದ್ದ ನಾಲ್ವರು ತರುಣರ ಎದುರು ಕುಳಿತು, ಒಂದೇ ವಾಕ್ಯವನ್ನು ಅವರ ನಾಲಗೆಗೆ ಒಲಿಯುವವರೆಗೂ ಹೇಳುತ್ತಿರಬೇಕು. ವ್ಯಾಕರಣ ಕಲಿಸಲು ಬೇರೆ ಪಂಡಿತರಿದ್ದರು. ನಾನು ಸಹಾಯಕ, ಅಂದರೆ ಬರಿಯ ಬಾಯಿ. ಆ ಕೋಣೆಯ ಆಚೆಗೆ ಕನ್ನಡ ಕೇಳುವ ಒಂದು ಕಿವಿಯೂ ಆ ಊರಿನಲ್ಲಿರಲಿಲ್ಲ. ಶನಿವಾರ, ಭಾನುವಾರಗಳು ಮೌನದಲ್ಲಿ ಕಳೆದು, ಸೋಮವಾರ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತ ಕನ್ನಡಿಯೊಡನೆ ನಾಲ್ಕು ಮಾತಾಡಿ ನಾಲಗೆಯನ್ನು ಸಡಿಲಿಸಿಕೊಳ್ಳುತ್ತಿದ್ದೆ. ಬಾಗಿಲ ಬಳಿ ಚಹಾ ಇಡಲು ಬಂದ ಮನೆಯೊಡತಿ, ಒಳಗೆ ಯಾರಿದ್ದಾರೆಂದು ಒಮ್ಮೆ ಇಣುಕಿ ನೋಡಿದ್ದೂ ಉಂಟು.

ಆದರೆ ಸ್ನೇಹಿತರೇ, ನಾನು ಆಡುತ್ತಿದ್ದುದು ನಮ್ಮ ಮನೆಯ ಕನ್ನಡವಾಗಿರಲಿಲ್ಲ. ಮದರಾಸಿನ ವಿದ್ಯಾರ್ಥಿನಿಲಯದಲ್ಲಿ ನಾನು ಮೊದಲ ದಿನ 'ಐತಿ' ಎಂದಾಗ ಎದ್ದ ನಗೆ ನನ್ನ ಕಿವಿಯಿಂದ ಇಳಿದಿರಲಿಲ್ಲ. ಮನೆಮಾತನ್ನೇ ಆಡುತ್ತೇನೆಂದು ಕೆಲಸಕ್ಕೆ ಸೇರುವಾಗ ರುಜು ಹಾಕಿದ್ದರೂ, ಹಳ್ಳಿಯವನೆಂದು ಕಳಿಸಿಬಿಟ್ಟಾರೆಂಬ ಅಂಜಿಕೆಯಿಂದ ಪುಸ್ತಕದ ಭಾಷೆಯನ್ನೇ ಇಸ್ತ್ರಿ ಮಾಡಿದ ಅಂಗಿಯಂತೆ ತೊಟ್ಟುಕೊಂಡಿದ್ದೆ.

ಒಂದು ದಿನ ನಮ್ಮ ವಿಭಾಗದ ಹಿರಿಯ ಅಧ್ಯಾಪಕಿ, ಬಿಳಿಗೂದಲಿನ ಮಿತಭಾಷಿಣಿ, ನನ್ನನ್ನು ಉಚ್ಚಾರಣೆ ಅಳೆಯುವ ಯಂತ್ರದ ಕೋಣೆಗೆ ಕರೆದೊಯ್ದರು. ಮಸಿ ಹಿಡಿಸಿದ ಕಾಗದವನ್ನು ಸುತ್ತಿದ ಉರುಳೆಯೊಂದು ಮೆಲ್ಲಗೆ ತಿರುಗುತ್ತಿತ್ತು. ಬಾಯಿಗೆ ಹಿಡಿದ ಬಟ್ಟಲಿನಿಂದ ರಬ್ಬರಿನ ಕೊಳವೆ ಹೊರಟು, ಅದರ ತುದಿಯಲ್ಲಿದ್ದ ಹುಲ್ಲುಕಡ್ಡಿಯಷ್ಟು ಸಣ್ಣ ಮುಳ್ಳು ಮಾತಿನ ಉಸಿರಿಗೆ ನಡುಗಿ, ಕಪ್ಪಿನ ಮೇಲೆ ಬಿಳಿಯ ಗೆರೆ ಕೊರೆಯುತ್ತಿತ್ತು. 'ನಾನು ಊಟಮಾಡುತ್ತೇನೆ' ಎಂದು ಹತ್ತು ಸಲ ಹೇಳಿದೆ. ಹತ್ತು ಗೆರೆಗಳೂ ಹತ್ತು ಬಗೆಯಾಗಿದ್ದವು.

ಅವರು ಬಹಳ ಹೊತ್ತು ನೋಡಿ, "ಇದು ನೀವು ಓದಿ ಕಲಿತ ಮಾತು, ಪ್ರತಿಸಲವೂ ಎಡವುತ್ತಿದ್ದೀರಿ," ಎಂದರು. ಕೆಲಸ ಹೋಯಿತೆಂದುಕೊಂಡೆ. ಆದರೆ ಅವರು ಕೇಳಿದ್ದು ಇಷ್ಟೆ: "ನಿಮ್ಮ ತಾಯಿ ನಿಮ್ಮನ್ನು ಊಟಕ್ಕೆ ಹೇಗೆ ಕರೆಯುತ್ತಾರೆ?"

ಕಣ್ಣು ಮುಚ್ಚಿ ಹೇಳಿದೆ. "ಯಪ್ಪಾ, ಉಣ್ಣಾಕ ಬಾರೋ, ರೊಟ್ಟಿ ಆರಾಕತ್ಯಾವು."

ಎರಡನೆಯ ಸಲ ಹೇಳಿದೆ. "ಇನ್ನೊಮ್ಮೆ," ಎಂದರು ಅವರು. ಮತ್ತೆ ಹೇಳಿದೆ. ಕಣ್ಣು ತೆರೆದು ನೋಡಿದರೆ ಗೆರೆಗಳು ಒಂದರ ಕೆಳಗೊಂದು ಅಣ್ಣತಮ್ಮಂದಿರಂತೆ ನಿಂತಿದ್ದವು! 'ಬಾರೋ' ಎಂಬಲ್ಲಿ ಅವ್ವ ಎಳೆಯುವ ಆ ಓಕಾರ ಕಪ್ಪು ಕಾಗದದ ಉದ್ದಕ್ಕೂ ಅಲೆಅಲೆಯಾಗಿ ಹಬ್ಬಿತ್ತು. ಸಾವಿರಾರು ಮೈಲಿ ದೂರದ ಒಂದು ಅಡುಗೆಮನೆಯ ಕೂಗು ನನ್ನ ಉಸಿರಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಅಡಗಿ ಕುಳಿತಿತ್ತೆ? ಹಾಲಿನವಳೊಡನೆ ತೆಲುಗು, ಬಂಡಿಯ ಸಾಹೇಬನೊಡನೆ ಉರ್ದು, ನನ್ನೊಡನೆ ಕನ್ನಡ, ಹೀಗೆ ಒಂದೇ ಹೊಸಿಲಲ್ಲಿ ನಿಂತು ಮೂರು ಭಾಷೆಗಳಿಗೆ ನಾಲಗೆ ಹೊರಳಿಸುತ್ತಿದ್ದ ಅವ್ವನಿಗೆ ಓದು ಬಾರದೆಂದು ನಾನು ಎಷ್ಟು ಸಲ ಸಂಕೋಚಪಟ್ಟಿದ್ದೆ! ಯಂತ್ರದ ಎದುರು ದೇವರ ಮುಂದೆ ನಿಂತವನಂತೆ ನಿಂತುಬಿಟ್ಟೆ.

ಮರುದಿನ ತರುಣರೆದುರು ತಪ್ಪೊಪ್ಪಿಕೊಂಡು, ಮೊದಲಿನಿಂದ ಆರಂಭಿಸಿದೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಅವರಲ್ಲಿ ಎಲ್ಲರಿಗಿಂತ ಎತ್ತರದವನು ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ಹ್ಯಾಂಗ ಅದೀರಿ? ಉಂಡ್ರೇನು?" ಎಂದು ಕೇಳಿದಾಗ, ಆ ಮಂಜಿನ ಊರಿನಲ್ಲಿ ಒಂದು ಕ್ಷಣ ನಮ್ಮ ಪಡಸಾಲೆಯ ಬಿಸಿಲು ಬಿದ್ದಂತಾಯಿತು.

ಎರಡು ವರ್ಷದ ಮೇಲೆ ಊರಿಗೆ ಹೊರಟಾಗ, ಮಸಿ ಅಳಿಸದಂತೆ ಅರಗಿನ ದ್ರಾವಣದಲ್ಲಿ ಅದ್ದಿ ಒಣಗಿಸಿದ ಒಂದು ಕಾಗದವನ್ನು ಅಧ್ಯಾಪಕಿ ನನಗಿತ್ತರು. ಅದರಲ್ಲಿದ್ದುದು ನಾನು ಆಡಿದ ಒಂದೇ ಪದ, 'ಯವ್ವಾ'.

ಮನೆ ಸೇರಿದ ಮರುದಿನ ಮುಂಜಾನೆ, ವಿಭೂತಿ ಧರಿಸಿ ಪಡಸಾಲೆಯಲ್ಲಿ ಕುಳಿತಿದ್ದ ಅವ್ವನ ಮಡಿಲಲ್ಲಿ ಅದನ್ನಿಟ್ಟೆ.

"ಇದೇನೋ ಯಪ್ಪಾ? ಚಿತ್ರ ಏನು?"

"ನನ್ನ ದನಿ, ಯವ್ವಾ. ನಿನ್ನ ಕರದದ್ದು."

ಆಕೆ ನಗಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು, "ಮತ್ತ ಮೊದಲಿಗೆ ಇಲ್ಲಿ ಸಪಾಟ ಐತಲ್ಲ?" ಎಂದಳು.

"ಅಲ್ಲಿ ನಾ ಇನ್ನಾ ಬಾಯಿ ಬಿಟ್ಟಿಲ್ಲ."

ಅವ್ವ ಕಾಗದವನ್ನು ಮಡಿಲಿಗಿಳಿಸಿ, ಇಷ್ಟು ವರ್ಷ ಯಾರೂ ನನಗೆ ಹೇಳದಿದ್ದುದನ್ನು ಹೇಳಿದಳು. "ನೀ ಹುಟ್ಟಿದಾಗ ಅಳಲೇ ಇಲ್ಲಪ್ಪ. ಸೂಲಗಿತ್ತಿ ಕಾಲು ಹಿಡದು ತಲಿಕೆಳಗ ಮಾಡಿ ಬೆನ್ನು ಬಡದ್ಲು. ಆಮ್ಯಾಲೆ ಆಕಿನೂ ಸುಮ್ಮನಾದ್ಲು. ನಾ ಕಣ್ಣು ಮುಚ್ಚಿಗೊಂಡು ನಿನ್ನ ದನಿಗೆ ಕಾಯಾಕತ್ತಿದ್ದೆ."

ಆಕೆಯ ತೋರುಬೆರಳು ಆ ನೇರ ಗೆರೆಯ ಮೇಲೆ ಬಲು ನಿಧಾನವಾಗಿ ಸಾಗಿತು. ನಾನು ಉಸಿರು ಹಿಡಿದು ನೋಡುತ್ತಿದ್ದೆ. ಮೊದಲ ಅಲೆ ಏಳುವಲ್ಲಿ ಬೆರಳು ನಿಂತಿತು.

"ಇಲ್ಲಿ," ಎಂದಳು ಅವ್ವ, "ಇಲ್ಲಿ ಬಂತು ನೋಡು."