ಹುಣಸೆ ಹೂವಿನ ದಡಿ ನೇಯ್ದವರು ಯಾರು?

ಹೋದ ವರ್ಷ ಶ್ರಾವಣದ ಮೊದಲ ಸೋಮವಾರ. ಬನಹಟ್ಟಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನಾನು ಫೋನಿನಲ್ಲಿ ವಿಶ್ವಕೋಶ ತಿದ್ದುತ್ತಿದ್ದೆ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶ ಅದು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ನಲವತ್ತು ವರ್ಷ ಮಗ್ಗದಲ್ಲಿ ಕುಳಿತವನು. ನನ್ನ ಓದೆಲ್ಲ ಊರ ವಾಚನಾಲಯದ್ದು. ದೊಡ್ಡವರು ಬರೆದಿದ್ದಾರೆಂಬ ಕಾರಣಕ್ಕೆ ಏನನ್ನೂ ನಂಬಿದವನಲ್ಲ. ಯಾರೋ ಅದರಲ್ಲಿ ಅನಗವಾಡಿ ಊರನ್ನು ಘಟಪ್ರಭೆಯಿಂದ ದೂರ ಒಯ್ದಿದ್ದರು. ಹಿಂದಿನ ವಾರವಷ್ಟೇ ನಾನು ಅದನ್ನು ಮರಳಿ ದಂಡೆಗೆ ತಂದಿದ್ದೆ. ಅದರ ಹಮ್ಮು ಇನ್ನೂ ಇಳಿದಿರಲಿಲ್ಲ.

ಅಂದು ಚಿಮ್ಮಡದಿಂದ ಆಟೋದಲ್ಲಿ ಬಂದಿಳಿದವಳು ನೀಲವ್ವನ ಮೊಮ್ಮಗಳು ಶೋಭಾ. ನೀಲವ್ವ ಹಿಂದೆ ರಬಕವಿಯಲ್ಲಿ, ತಮ್ಮ ಭಾವ ರಾಚಪ್ಪನವರ ಮನೆಯಲ್ಲಿದ್ದು ನೇಯುತ್ತಿದ್ದವರು. ರಾಚಪ್ಪನವರು ತೀರಿಕೊಂಡು ಬಹಳ ವರ್ಷಗಳಾದವು. ನೀಲವ್ವ ಈಗ ಎಂಬತ್ತು ದಾಟಿ ಮಗಳ ಮನೆಯಲ್ಲಿದ್ದಾರೆ.

"ಅಜ್ಜಾರ, ನೀವು ಇದರಾಗ ತಿದ್ದತೀರಂತಲ್ಲರಿ, ಇದನ್ನೊಂದು ನೋಡ್ರಿ" ಎಂದು ಶೋಭಾ ಫೋನು ಮುಂದೆ ಹಿಡಿದಳು.

ಹುಣಸೆ ಹೂವಿನ ದಡಿಯ ಸೀರೆಯ ಕುರಿತ ಪುಟ ಅದು. ದಡಿಯೆಂದರೆ ನಮ್ಮಲ್ಲಿ ಸೀರೆಯ ಅಂಚು. 'ರಾಚಪ್ಪನವರು ಹುಣಸೆ ಮರದ ನೆರಳಿನಲ್ಲಿ ಕುಳಿತಿದ್ದಾಗ ತೊಡೆಯ ಮೇಲೆ ಉದುರಿದ ಹೂವೊಂದು ಈ ದಡಿಗೆ ಜನ್ಮ ನೀಡಿತು' ಎಂದಿತ್ತು. ನಾನು ಗಟ್ಟಿಯಾಗಿ ನಕ್ಕೆ.

"ಯಾವ ಕವಿ ಬರದಾನವಾ ಇದನ್ನ?"

"ನಗಬ್ಯಾಡ್ರಿ. ಆ ದಡಿ ನಮ್ಮ ಆಯಿ ನೇಯ್ದದ್ದು. ನನ್ನ ಕಡೆ ಮೂರು ಸಲ ಓದಿಸಿದಳು. ಬೈಲಿಲ್ಲ, ಅಳಲಿಲ್ಲ, ಗ್ವಾಡಿ ಕಡೆ ಮಾರಿ ಮಾಡಿ ಮಲಗಿದಳು. ಮುಂದಿನ ತಿಂಗಳು ನೇಕಾರರ ಸಭಾದಾಗ ಈ ದಡಿ ಹುಟ್ಟಿಸಿದವರ ಹೆಸರಿಲೆ ಸನ್ಮಾನ ಐತಿ. ನಮ್ಮ ಆಯಿ ಹೆಸರು ಹೇಳಾಕ ಹೋದರ, ಇದನ್ನ ತೋರಿಸಿ ಬಾಯಿ ಮುಚ್ಚಸ್ತಾರ."

ರಾಚಪ್ಪನವರ ಮನೆಗೆ ಹೋದಾಗಲೆಲ್ಲ ಮಗ್ಗದಲ್ಲಿ ನಾನು ಕಂಡದ್ದು ನೀಲವ್ವನನ್ನೇ. "ಸಂಜಿಯೊಳಗ ತಿದ್ದತೇನಿ, ಆಯಿಗೆ ಹೇಳು" ಎಂದು ಮಾತು ಕೊಟ್ಟೆ.

ತಿದ್ದಿದೆ. ಸಂಜೆಗೆ ನೋಡಿದರೆ ಹಳೆಯ ಹೆಸರೇ ಮರಳಿತ್ತು. 'ಆಧಾರವಿಲ್ಲ' ಎಂದು ಯಾರೋ ಷರಾ ಬರೆದಿದ್ದರು. ಮತ್ತೆ ತಿದ್ದಿದೆ, ಮತ್ತೆ ಅಳಿಸಿದರು. ನಾಲ್ಕನೆಯ ಸಲಕ್ಕೆ ನಾನು ಒಂದು ವಾರ ಏನೂ ತಿದ್ದದಂತೆ ತಡೆ ಹಾಕಿದರು. ಆ ವಾರ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಉಣ್ಣುವಾಗಲೂ ಫೋನು ತೆರೆದು ನೋಡುತ್ತಿದ್ದೆ. "ಏನ್ರಿ, ರೊಟ್ಟಿ ಆರಾಕತ್ತಾವು. ಅದಕ್ಕೂ ಆಧಾರ ಬೇಕೇನು?" ಎಂದು ನನ್ನ ಹೆಂಡತಿ ಚುಚ್ಚಿದಳು.

ತಡೆ ತೆಗೆದ ದಿನ ಆ ಪುಟದ ಚರ್ಚೆಯಲ್ಲಿ ಉದ್ದವಾಗಿ ಜಗಳ ಬರೆದೆ. ಮುಖ ಕಾಣದ ಆ ಮನುಷ್ಯ ಶಾಂತವಾಗಿ ಉತ್ತರಿಸಿದ: 'ಹಿರಿಯರೇ, ಈಗಿರುವ ಹೆಸರಿಗೆ ಮುದ್ರಿತ ಆಧಾರವಿದೆ. ದಯವಿಟ್ಟು ಅಡಿಟಿಪ್ಪಣಿ ನೋಡಿ.'

ಜಗತ್ತನ್ನೆಲ್ಲ ಸಂಶಯಿಸುವ ನಾನು ಅಷ್ಟು ದಿನ ಆ ಪುಟದ ಬುಡವನ್ನೇ ನೋಡಿರಲಿಲ್ಲ. ನೋಡಿದೆ. ನಮ್ಮ ನೇಕಾರರ ಸಂಘದ ಹಳೆಯ ಸ್ಮರಣ ಸಂಚಿಕೆ. ಲೇಖನದ ಕೆಳಗೆ ಲೇಖಕನ ಹೆಸರು. ಅದು ನನ್ನ ಹೆಸರು.

ಟ್ರಂಕು ತೆರೆದು ಸಂಚಿಕೆ ಹುಡುಕಿದೆ. ಆ ಮರ, ಆ ನೆರಳು, ತೊಡೆಯ ಮೇಲಿನ ಆ ಹೂವು, ಎಲ್ಲವೂ ನನ್ನವೇ. ಇಪ್ಪತ್ತು ವರ್ಷಗಳ ಹಿಂದೆ ಅಂದವಾಗಿರಲೆಂದು ಬರೆದು ಮರೆತಿದ್ದೆ. ರಾಚಪ್ಪನವರ ಹೆಸರು ಬಂದದ್ದು ಚೀಟಿಗಳಿಂದ. ನಮ್ಮಲ್ಲಿ ಸೀರೆ ಯಾರೇ ನೇಯಲಿ, ವ್ಯಾಪಾರಿಯ ಗಂಟಿಗೆ ಹಾಕುವ ಚೀಟಿಯ ಮೇಲೆ ಮಗ್ಗದ ಯಜಮಾನನ ಹೆಸರಷ್ಟೇ ಇರುತ್ತದೆ. ಹೆಣ್ಣುಮಕ್ಕಳ ಹೆಸರನ್ನು ನಾನು ಯಾವ ಚೀಟಿಯಲ್ಲೂ ಕಂಡದ್ದಿಲ್ಲ. ಆ ಚೀಟಿಗಳನ್ನು ಗುಡ್ಡೆಹಾಕಿಕೊಂಡು ನಾನು ಇತಿಹಾಸ ಬರೆದಿದ್ದೆ.

ಮರುದಿನ ಬೆಳಗಿನ ಬಸ್ಸಿಗೆ ಚಿಮ್ಮಡಕ್ಕೆ ಹೋದೆ. ನೀಲವ್ವ ಪಡಸಾಲೆಯಲ್ಲಿ ಕುಳಿತಿದ್ದರು.

"ಅಕ್ಕಾ, ಆ ಸುಳ್ಳು ಬರದಾಂವ ನಾನ."

"ಗೊತ್ತೈತಿ ಈರಣ್ಣ. ಆ ಪುಸ್ತಕ ಬಂದಾಗ ನಮ್ಮ ಭಾವ ಓಣಿಗೆಲ್ಲ ಓದಿ ಹೇಳಿದ್ರು. ಅದನ್ನ ಬರಿಯೂಮುಂದ ನೀ ನಮ್ಮ ಮನಿಗೆ ಬಂದಿದ್ದಿ. ಚಾ ಮಾಡಿಕೊಟ್ಟಾಕಿ ನಾನ. ಕುಡದಿ, ಹೋದಿ. ಮಗ್ಗದಾಗ ಕುಂತಾಕಿನ್ನ ಒಂದು ಮಾತು ಕೇಳಲಿಲ್ಲ."

ನನಗೆ ತಲೆ ಎತ್ತಲಾಗಲಿಲ್ಲ. ನೆಲ ನೋಡುತ್ತಲೇ ಕೇಳಿದೆ: "ಈಗ ಕೇಳ್ತೇನಿ. ಹೇಳ್ತೀರೇನು?"

ಹೇಳಿದರು. ಆ ದಡಿಗೂ ಯಾವ ಮರಕ್ಕೂ ಸಂಬಂಧವಿರಲಿಲ್ಲ. ಅವರು ನೇಯಹೊರಟದ್ದು ಐದೆಸಳಿನ ಮಲ್ಲಿಗೆ. ಎಳೆ ಎಣಿಸುವಾಗ ಕೂಸು ಅತ್ತಿತು, ಲೆಕ್ಕ ತಪ್ಪಿತು, ಎಸಳು ಮೂರೇ ಬಂದವು. ಭಾವ ಬೈದರು. ಒಯ್ದ ವ್ಯಾಪಾರಿ ಮಾತ್ರ ಮೆಚ್ಚಿ, "ಹುಣಸಿ ಹೂ ಇದ್ದಂಗೈತಿ, ಇಂಥಾವ ಕೊಡ್ರಿ" ಎಂದನಂತೆ. "ತಪ್ಪಿದ್ದಕ್ಕ ಹೆಸರು ಬಂತು ತಮ್ಮಾ. ಹೆಸರು ಬಂದಮ್ಯಾಗ ಅದು ನಂದಾಗಿ ಉಳಿಲಿಲ್ಲ" ಎಂದು ನಕ್ಕರು.

ಸಭೆಯ ದಿನ ಯಾರೂ ಕರೆಯದೆಯೇ ನಾನು ಎದ್ದು ನಿಂತು ಇದನ್ನೆಲ್ಲ ಹೇಳಿದೆ. "ಈಗ ಎಚ್ಚರಾತೇನು ಕಾಕಾ?" ಎಂದು ಹಿಂದಿನಿಂದ ಯಾರೋ ಕೂಗಿದರು, ಜನ ನಕ್ಕರು. ಶಾಲು ರಾಚಪ್ಪನವರ ಫೋಟೋಕ್ಕೇ ಹೋಯಿತು. ಆದರೆ ಸಂಘದವರು ನನ್ನ ತಪ್ಪೊಪ್ಪಿಗೆಯನ್ನು ಈ ವರ್ಷದ ಸಂಚಿಕೆಯಲ್ಲಿ ಅಚ್ಚು ಹಾಕಿದರು. ಅದೇ ಆಧಾರವಾಗಿ, ಹಿಂದೆ ನನ್ನನ್ನು ತಡೆದಿದ್ದ ಆ ಮನುಷ್ಯನೇ ಪುಟವನ್ನು ತಿದ್ದಿದ. ಎಂಬತ್ತು ದಾಟಿದವರ ಬಾಯಿಮಾತಿಗೆ ಇಲ್ಲದ ಬೆಲೆ ನನ್ನ ಅಚ್ಚಾದ ಸುಳ್ಳಿಗೆ ಹೇಗೆ ಬಂತೆಂದು ಅವನನ್ನು ಕೇಳಬೇಕೆನಿಸಿತು. ಕೇಳಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನು.

ಹೊಸ ಪುಟವನ್ನು ನೀಲವ್ವನಿಗೆ ನಾನೇ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು.

"ಈಗ ಖರೆ ಬರದಾರೇನು?"

"ಖರೆ ಅಕ್ಕಾ. ನೀವು ಹೇಳಿದ್ದ ಐತಿ."

"ನನ್ನ ಮಾತನ್ನೂ ಹಂಗ ನಂಬಿಬಿಟ್ಟೀಯೇನು? ಆಗ ನೂಲು ಸುತ್ತಿ ಕೊಡ್ತಿದ್ದ ಗಂಗವ್ವ ಇನ್ನೂ ಅದಾಳ, ಬೀಳಗಿಯಾಗ. ಆಕೀನ್ನೂ ಒಮ್ಮೆ ಕೇಳು."

ಬೀಳಗಿಗೆ ಹೋಗಿ ಬಂದೆ. ಗಂಗವ್ವನ ಮಾತೂ ಅದೇ ಆಗಿತ್ತು. ಆದರೂ ನನಗೆ ನೆಮ್ಮದಿಯಿಲ್ಲ. ಆ ಟ್ರಂಕಿನಲ್ಲಿ ಚೀಟಿ ನೋಡಿ ನಾನು ಬರೆದ ಲೇಖನಗಳು ಇನ್ನೂ ಏಳಿವೆ. ಒಂದೊಂದನ್ನೇ ಹಿಡಿದು ಮನೆ ಮನೆಗೆ ಹೋಗಿ ಕೇಳುತ್ತಿದ್ದೇನೆ. ಎರಡು ಮನೆಗಳಲ್ಲಿ ಹೇಳುವವರು ಆಗಲೇ ಇಲ್ಲವಾಗಿದ್ದಾರೆ. ಆ ಮನೆಗಳಲ್ಲೂ ಹಿಂದೊಮ್ಮೆ ನಾನು ಚಹಾ ಕುಡಿದಿದ್ದೆ.